ಕಡಿಮೆ ಬಂಡವಾಳದ ಹಳೆಯ ವೈಜ್ಞಾನಿಕ ಚಿತ್ರಗಳು: ಬಡತನ ಯಾವುದು, ದೋಷ ಯಾವುದು?

ಪ್ರಶ್ನೆ: ಬೆಳ್ಳಿತೆರೆ

ಎಲ್ಲರಿಗೂ ನಮಸ್ಕಾರ. 1950ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ಅಗ್ಗದ ವೈಜ್ಞಾನಿಕ ಕಥಾಚಿತ್ರಗಳನ್ನು ಈಚೆಗೆ ಒಂದೊಂದಾಗಿ ನೋಡುತ್ತಿದ್ದೇನೆ. ನೋಡನೋಡುತ್ತ ನನ್ನಲ್ಲಿ ಒಂದು ಗೊಂದಲ ಹುಟ್ಟಿಕೊಂಡಿದೆ. ಈ ಬಗೆಯ ಚಿತ್ರಗಳನ್ನು ಬಲ್ಲವರು ಇಲ್ಲಿ ಇದ್ದೀರೆಂಬ ಭರವಸೆಯಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

1953ರ 'ರೋಬಾಟ್ ಮಾನ್‌ಸ್ಟರ್' ಚಿತ್ರವನ್ನೇ ತೆಗೆದುಕೊಳ್ಳಿ. ಮನುಕುಲವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅಳಿಸಿಹಾಕಿದ ಅನ್ಯಗ್ರಹದ ಜೀವಿ ಅದರಲ್ಲಿ ಗೊರಿಲ್ಲಾದ ವೇಷ ತೊಟ್ಟು, ತಲೆಗೆ ಸಮುದ್ರದಲ್ಲಿ ಮುಳುಗುವವರ ಶಿರಸ್ತ್ರಾಣದಂಥದ್ದನ್ನು ಧರಿಸಿ ಬರುತ್ತದೆ. ಅದರ ಗುಹೆಯ ಬಾಗಿಲಲ್ಲಿ ಇಟ್ಟಿರುವ ಯಂತ್ರದಿಂದ ಸೋಪಿನ ಗುಳ್ಳೆಗಳು ಎಡೆಬಿಡದೆ ಹಾರುತ್ತಿರುತ್ತವೆ. ನಗದೆ ಇರುವುದು ಕಷ್ಟ. ಆದರೆ ಅದೇ ಜೀವಿ, ಬದುಕುಳಿದ ಒಬ್ಬ ತರುಣಿಯನ್ನು ಕೊಲ್ಲಬೇಕೆಂಬ ಮೇಲಿನವರ ಆಜ್ಞೆಗೂ ಕೊಲ್ಲಲಾರದ ತನ್ನ ಮನಸ್ಸಿಗೂ ನಡುವೆ ಸಿಕ್ಕಿಕೊಂಡು ಒಬ್ಬಂಟಿಯಾಗಿ ತನ್ನಲ್ಲೇ ಮಾತಾಡಿಕೊಳ್ಳುವಾಗ ನನ್ನ ನಗು ಅರ್ಧಕ್ಕೇ ನಿಂತಿತು. ಆ ಮಾತುಗಳ ಭಾಷೆ ಒರಟಾಗಿದೆ, ವೇಷ ನಂಬುವಂತಿಲ್ಲ. ಆದರೂ ಬರೆದವರಿಗೆ ಹೇಳಬೇಕಾದದ್ದು ಏನೋ ಇತ್ತೆಂಬುದು ಸ್ಪಷ್ಟವಾಗುತ್ತದೆ.

ನನ್ನ ಪ್ರಶ್ನೆ ಇಷ್ಟು. ಇಂಥ ಚಿತ್ರಗಳಲ್ಲಿ ನಮ್ಮನ್ನು ಸೆಳೆಯುವುದು ನಿಜವಾಗಿಯೂ ಯಾವುದು? ಹಳೆಯದೆಂಬ ಕಾರಣಕ್ಕೆ, ಬಡತನದಲ್ಲಿ ಮಾಡಿದ್ದೆಂಬ ಕಾರಣಕ್ಕೆ ನಾವು ದೋಷಗಳನ್ನೇ ಚೆಲುವೆಂದು ಹೊಗಳುತ್ತಿದ್ದೇವೆಯೇ? ಹಣವಿಲ್ಲದ್ದರಿಂದ ಬಂದ ಕೊರತೆ ಯಾವುದು, ಯೋಚನೆಯಿಲ್ಲದ್ದರಿಂದ ಬಂದ ಕೊರತೆ ಯಾವುದು ಎಂದು ಬೇರ್ಪಡಿಸಿ ನೋಡಲು ಸಾಧ್ಯವೇ? ಗೆಳೆಯರ ಒಂದು ಸಣ್ಣ ಗುಂಪಿಗೆ ಇವನ್ನು ತೋರಿಸಬೇಕೆಂದಿದ್ದೇನೆ. ಬರೀ ಗೇಲಿಮಾಡುವ ಕೂಟವಾಗದಂತೆ ನಡೆಸಬೇಕೆಂಬುದು ನನ್ನ ಆಸೆ. ಉದಾಹರಣೆಗಳೊಂದಿಗೆ ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ರೀಲು

ಬೆಳ್ಳಿತೆರೆ ಅವರೇ, ಈ ಚಿತ್ರಗಳು ಏಕೆ ಹೀಗಿದ್ದವು ಎಂಬುದನ್ನು ಮೊದಲು ನೋಡಿಕೊಂಡರೆ ನಿಮ್ಮ ಪ್ರಶ್ನೆಯ ಅರ್ಧಭಾಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ದೊಡ್ಡ ಸ್ಟುಡಿಯೋಗಳು ಚಿತ್ರ ತಯಾರಿಕೆಯ ಜೊತೆಗೆ ಚಿತ್ರಮಂದಿರಗಳ ಒಡೆತನವನ್ನೂ ಇಟ್ಟುಕೊಳ್ಳುವ ಪದ್ಧತಿಗೆ ವಿರುದ್ಧವಾಗಿ ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲಿ ತೀರ್ಪು ಕೊಟ್ಟಿತು. ಅದರ ಬೆನ್ನಿಗೇ ಮನೆಮನೆಗೆ ಟೆಲಿವಿಷನ್ ಬಂತು. ಮುಖ್ಯ ಚಿತ್ರದ ಜೊತೆಗೆ ತೋರಿಸುತ್ತಿದ್ದ ಎರಡನೆಯ ಚಿತ್ರಗಳನ್ನು ದೊಡ್ಡ ಸ್ಟುಡಿಯೋಗಳು ಕಡಿಮೆಮಾಡುತ್ತ ಬಂದಾಗ, ಕಾರಿನಲ್ಲೇ ಕುಳಿತು ನೋಡುವ ಡ್ರೈವ್-ಇನ್ ಚಿತ್ರಮಂದಿರಗಳಿಗೂ ಊರಿನ ಸಣ್ಣ ಟಾಕೀಸುಗಳಿಗೂ ಸರಕು ಬೇಕಾಗಿತ್ತು. ಹದಿಹರೆಯದ ಪ್ರೇಕ್ಷಕರಂತೂ ಕಾಯುತ್ತಲೇ ಇದ್ದರು. 1954ರಲ್ಲಿ ಆರಂಭವಾಗಿ ಮುಂದೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಹೆಸರಾದ ಸಂಸ್ಥೆ ಈ ಬೇಡಿಕೆಯನ್ನು ಚೆನ್ನಾಗಿ ಅರ್ಥಮಾಡಿಕೊಂಡಿತ್ತು. ಅವರು ಎಷ್ಟೋ ಸಲ ಮೊದಲು ಚಿತ್ರದ ಹೆಸರನ್ನು, ಆಮೇಲೆ ಪೋಸ್ಟರನ್ನು ಗೊತ್ತುಮಾಡಿಕೊಂಡು, ಕೊನೆಗೆ ಅದಕ್ಕೆ ತಕ್ಕ ಕಥೆ ಬರೆಸುತ್ತಿದ್ದರು. ಪೋಸ್ಟರಿನಲ್ಲಿ ಕಾಣುವ ಲೋಕಕ್ಕೂ ತೆರೆಯ ಮೇಲಿನ ಲೋಕಕ್ಕೂ ಅಷ್ಟೊಂದು ಅಂತರ ಇರುವುದು ಇದೇ ಕಾರಣದಿಂದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಈ ನಿರ್ದೇಶಕರಲ್ಲಿ ಕೆಲವರು ಒಂದು ಕಲೆಯನ್ನಾಗಿಯೇ ಮಾಡಿಕೊಂಡರು. ನನಗೆ ಬಹಳ ಪ್ರಿಯವಾದ ಉದಾಹರಣೆ 1951ರ 'ದ ಮ್ಯಾನ್ ಫ್ರಮ್ ಪ್ಲಾನೆಟ್ ಎಕ್ಸ್'. ನಿರ್ದೇಶಕ ಎಡ್ಗರ್ ಉಲ್ಮರ್ ಇದನ್ನು ಆರು ದಿನಗಳಲ್ಲಿ ಚಿತ್ರೀಕರಿಸಿ ಮುಗಿಸಿದರು. ಜೋನ್ ಆಫ್ ಆರ್ಕ್‌ಳ ಕಥೆಯಿದ್ದ ಒಂದು ಭಾರೀ ಚಿತ್ರಕ್ಕಾಗಿ ಹಾಕಿದ್ದ ಸೆಟ್‌ಗಳು ಹಾಗೆಯೇ ಉಳಿದಿದ್ದವು. ಉಲ್ಮರ್ ಅವುಗಳನ್ನೇ ಬಳಸಿಕೊಂಡು, ಸ್ಕಾಟ್ಲೆಂಡಿನ ಒಂದು ದ್ವೀಪದಲ್ಲಿ ಕಥೆ ನಡೆಯುವಂತೆ ಮಾಡಿ, ಇಡೀ ಚಿತ್ರವನ್ನು ಮಂಜಿನಿಂದ ತುಂಬಿದರು. ಆ ಮಂಜು ಸೆಟ್‌ನ ಅಂಚುಗಳನ್ನು ಮರೆಮಾಡುತ್ತದೆ, ಹಿಂದಿನ ಚಿತ್ರದ ಗುರುತುಗಳನ್ನು ಅಳಿಸುತ್ತದೆ; ಅದರ ಜೊತೆಗೇ ಬೇರೆ ಗ್ರಹದಿಂದ ಬಂದ ಒಂಟಿ ಜೀವಿಯ ಕಥೆಗೆ ಬೇಕಾದ ವಾತಾವರಣವನ್ನೂ ಕಟ್ಟಿಕೊಡುತ್ತದೆ. ಆ ಜೀವಿಯ ಮುಖವಾಡಕ್ಕೆ ಚಲನೆಯೇ ಇಲ್ಲ. ಒಳ್ಳೆಯ ಮುಖವಾಡ ಮಾಡಿಸಲು ಹಣವಿರಲಿಲ್ಲ ಎಂದು ನಾವು ಹೇಳಬಹುದು, ಆದರೆ ಗಾಜಿನ ಹಿಂದೆ ಅಲುಗಾಡದೆ ನಿಂತ ಆ ಮುಖ ದಯೆಯನ್ನು ಬೇಡುತ್ತಿದೆಯೋ ಬೆದರಿಸುತ್ತಿದೆಯೋ ತಿಳಿಯದಿರುವುದೇ ಚಿತ್ರದ ಜೀವಾಳ. ಅದನ್ನು ಹಿಂಸಿಸಿ ಲಾಭ ಮಾಡಿಕೊಳ್ಳಲು ಹೊರಡುವವನು ಒಬ್ಬ ಮನುಷ್ಯ ಎಂಬುದನ್ನೂ ಗಮನಿಸಬೇಕು.

ಸ್ಥಳಗಳ ವಿಷಯದಲ್ಲೂ ಇಂಥದೇ ಜಾಣ್ಮೆ ಕಾಣುತ್ತದೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಬ್ರಾನ್ಸನ್ ಕ್ಯಾನ್ಯನ್ ಎಂಬ ಹಳೆಯ ಕಲ್ಲುಗಣಿ ಇದೆ. ನೀವು ಹೇಳಿದ ಗೊರಿಲ್ಲಾ ವೇಷದ ಜೀವಿಯ ಗುಹೆ, 1956ರ 'ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್' ಚಿತ್ರದಲ್ಲಿ ಓಡಿಹೋಗುವ ಜೋಡಿ ಅಡಗುವ ಸುರಂಗ, ಆಮೇಲೆ ಟೆಲಿವಿಷನ್ನಿನ ಬ್ಯಾಟ್‌ಮನ್‌ನ ಗುಹೆಯ ಬಾಗಿಲು, ಎಲ್ಲವೂ ಅಲ್ಲಿನವೇ. ಅಸಲಿಗೆ ಅದು ಗುಹೆಯಲ್ಲ, ಗುಡ್ಡವನ್ನು ಕೊರೆದು ಮಾಡಿದ ಗಿಡ್ಡ ಸುರಂಗ. ನೇರವಾಗಿ ಕ್ಯಾಮೆರಾ ಇಟ್ಟರೆ ಆಚೆ ಬದಿಯ ಬೆಳಕು ಕಂಡು ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಯಾವಾಗಲೂ ಓರೆಯಾಗಿ ನಿಂತು ತೆಗೆಯಬೇಕಿತ್ತು. ಎರಡು ಮೂರು ಚಿತ್ರಗಳನ್ನು ಸಾಲಾಗಿ ನೋಡಿ: ಅದೇ ಬಾಯಿ, ಅದೇ ಓರೆ ನೋಟ, ಆದರೆ ಒಳಗಿರುವ ಭಯ ಮಾತ್ರ ಪ್ರತಿ ಸಲವೂ ಬೇರೆ.

1956ರಲ್ಲಿ ರೋಜರ್ ಕಾರ್ಮನ್ 'ಇಟ್ ಕಾಂಕರ್ಡ್ ದ ವರ್ಲ್ಡ್' ಮಾಡಿದ್ದೂ ಇಲ್ಲಿಯೇ. ಎಂಜಿನಿಯರಿಂಗ್ ಓದಿದ್ದ ಕಾರ್ಮನ್, ಗುರುತ್ವ ಹೆಚ್ಚಿರುವ ಗ್ರಹದ ಜೀವಿ ನೆಲಕ್ಕೆ ಹತ್ತಿರವಾಗಿ ಕುಳ್ಳಗಿರಬೇಕೆಂದು ತರ್ಕಿಸಿದರು. ವೇಷಗಳನ್ನು ತಯಾರಿಸುತ್ತಿದ್ದ ಪಾಲ್ ಬ್ಲೈಸ್ಡೆಲ್ ಅದಕ್ಕೆ ತಕ್ಕಂತೆ ಮಾಡಿಕೊಟ್ಟರು. ನಾಯಕಿ ಬೆವರ್ಲಿ ಗಾರ್ಲಂಡ್ ಆ ಕುಳ್ಳ ರಾಕ್ಷಸನನ್ನು ನೋಡಿ, ಜಗತ್ತನ್ನು ಗೆಲ್ಲಲು ಬಂದವನು ನೀನೇನಾ ಎಂಬರ್ಥದ ಮಾತಾಡಿ ಒಂದು ಒದೆ ಕೊಟ್ಟರಂತೆ. ಕಾರ್ಮನ್ ಕೂಡಲೇ ಅದರ ಎತ್ತರ ಹೆಚ್ಚಿಸಲು ಹೇಳಿದರು. ಈ ಪ್ರಸಂಗವನ್ನು ಕಾರ್ಮನ್ ಅವರೇ ಹೇಳಿಕೊಂಡಿದ್ದಾರೆ. ಕಥೆಯ ಜೀವಿ ಬರುವುದು ಶುಕ್ರಗ್ರಹದಿಂದ, ಶುಕ್ರದ ಗುರುತ್ವ ಭೂಮಿಗಿಂತ ಸ್ವಲ್ಪ ಕಡಿಮೆಯೇ, ಆದ್ದರಿಂದ ತರ್ಕದ ಬುಡವೇ ಸರಿಯಿಲ್ಲ. ಆದರೂ ಕೆಲವೇ ದಿನಗಳಲ್ಲಿ ಮುಗಿಸಬೇಕಾದ ಚಿತ್ರದಲ್ಲಿ ರಾಕ್ಷಸನ ಮೈಕಟ್ಟಿಗೆ ಭೌತಶಾಸ್ತ್ರದ ಕಾರಣ ಹುಡುಕಲು ಹೊರಟ ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ನೀವು ಕೇಳಿದ ಸೆಳೆತ ನನ್ನ ಪಾಲಿಗೆ ಇದೇ: ಮಾಡುವವರ ಕೈ ಮತ್ತು ತಲೆ ಎರಡೂ ತೆರೆಯ ಮೇಲೆ ಕಾಣುತ್ತವೆ.

ಉತ್ತರ: ಸಂಕಲನದ ಮೇಜು

ಹಳೆಯ ರೀಲು ಅವರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅವರು ಆರಿಸಿಕೊಂಡದ್ದು ಆ ರಾಶಿಯಲ್ಲಿನ ಒಳ್ಳೆಯ ಕಾಳುಗಳನ್ನು. ಈ ಚಿತ್ರಗಳನ್ನು ಪ್ರೀತಿಸುವವರು ಅವುಗಳ ನಿಜವಾದ ದೋಷವನ್ನು ಹೇಳಲು ಹಿಂಜರಿಯಬಾರದು. ಆ ದೋಷ ರಬ್ಬರಿನ ವೇಷವೂ ಅಲ್ಲ, ದಾರ ಕಾಣುವ ಹಾರುವ ತಟ್ಟೆಯೂ ಅಲ್ಲ. ಬೇಸರ ತರಿಸುವ ನಿಧಾನ. ಚಿತ್ರಕ್ಕೆ ಇಂತಿಷ್ಟು ನಿಮಿಷದ ಉದ್ದ ಬೇಕು ಎಂಬುದಕ್ಕಾಗಿ ಪಾತ್ರಗಳು ಕಾರು ಹತ್ತುವುದು, ಇಳಿಯುವುದು, ಮರುಭೂಮಿಯಲ್ಲಿ ಸುಮ್ಮನೆ ನಡೆಯುವುದು, ಫೋನಿನಲ್ಲಿ ನಾವು ಆಗಲೇ ಕಂಡದ್ದನ್ನೇ ಇನ್ನೊಬ್ಬರಿಗೆ ವಿವರಿಸುವುದು, ಇವೆಲ್ಲ ಕತ್ತರಿಸದೆ ಉಳಿದಿರುತ್ತವೆ. ಹಣವಿಲ್ಲದವನು ಚಿಕ್ಕ ಚಿತ್ರ ಮಾಡಬಹುದಾಗಿತ್ತು, ಆದರೆ ವಿತರಕನಿಗೆ ಪೂರ್ಣ ಪ್ರಮಾಣದ ಚಿತ್ರ ಬೇಕಿತ್ತು. 1964ರ 'ದ ಕ್ರೀಪಿಂಗ್ ಟೆರರ್' ಚಿತ್ರದಲ್ಲಂತೂ ಬಹುಪಾಲು ಸಂಭಾಷಣೆಯ ಬದಲು ನಿರೂಪಕನೊಬ್ಬ ಪಾತ್ರಗಳು ಏನು ಮಾತಾಡಿಕೊಂಡವೆಂದು ವರದಿ ಒಪ್ಪಿಸುತ್ತಾನೆ. ಇದನ್ನು ಚೆಲುವೆಂದು ಕರೆಯಲು ನನ್ನಿಂದಾಗದು.

ಎರಡನೆಯದು, ಬೇರೆ ಚಿತ್ರಗಳಿಂದ ಎತ್ತಿಕೊಂಡ ತುಣುಕುಗಳು. 'ರೋಬಾಟ್ ಮಾನ್‌ಸ್ಟರ್'ನಲ್ಲಿ ಇದ್ದಕ್ಕಿದ್ದಂತೆ ಡೈನೋಸಾರ್‌ಗಳು ಕಾದಾಡುತ್ತವೆ. ಅವು 1940ರ ಒಂದು ಚಿತ್ರದಲ್ಲಿ ಹಲ್ಲಿ ಮತ್ತು ಮೊಸಳೆಗಳ ಮೈಗೆ ಮೀನಿನಂಥ ಈಜುರೆಕ್ಕೆ ಅಂಟಿಸಿ ತೆಗೆದ ದೃಶ್ಯಗಳು. ಕಥೆಗೂ ಅವಕ್ಕೂ ಸಂಬಂಧ ಹುಡುಕಿದರೂ ಸಿಗುವುದಿಲ್ಲ. ಎಲ್ಲೋ ಕಾದಿಟ್ಟ ಮಿಲಿಟರಿ ತುಣುಕುಗಳನ್ನು ಅಂಟಿಸಿದಾಗಲೂ ಹೀಗೆಯೇ ಆಗುತ್ತದೆ: ಒಂದು ಷಾಟ್‌ಗೂ ಮುಂದಿನ ಷಾಟ್‌ಗೂ ಬೆಳಕು ಬೇರೆ, ಫಿಲ್ಮಿನ ಕಣ ಬೇರೆ, ಕೆಲವೊಮ್ಮೆ ವಿಮಾನವೇ ಬೇರೆ.

ಮೂರನೆಯದು ಹಣಕ್ಕೆ ಕಿಂಚಿತ್ತೂ ಸಂಬಂಧಿಸದ ದೋಷ, ಅದೇ ನನ್ನನ್ನು ಹೆಚ್ಚು ಕಾಡುತ್ತದೆ. 1950ರ 'ರಾಕೆಟ್‌ಶಿಪ್ ಎಕ್ಸ್-ಎಮ್' ಚಿತ್ರದಲ್ಲಿ ನೌಕೆಯಲ್ಲಿ ಒಬ್ಬಳು ಮಹಿಳಾ ರಸಾಯನಶಾಸ್ತ್ರಜ್ಞೆ ಇದ್ದಾಳೆ. ಇಂಧನದ ಲೆಕ್ಕದಲ್ಲಿ ಅವಳಿಗೂ ತಂಡದ ಹಿರಿಯ ವಿಜ್ಞಾನಿಗೂ ಭಿನ್ನಾಭಿಪ್ರಾಯ ಬಂದಾಗ ಅವಳ ಲೆಕ್ಕವನ್ನು ಪಕ್ಕಕ್ಕಿಡುತ್ತಾರೆ, ಕೊನೆಗೆ ಕ್ಷಮೆ ಕೇಳುವವಳೂ ಅವಳೇ. ಆ ದೃಶ್ಯವನ್ನು ಬೇರೆ ರೀತಿ ಬರೆಯಲು ಒಂದು ಡಾಲರ್ ಹೆಚ್ಚು ಬೇಕಿರಲಿಲ್ಲ. ಹಾಗೆ ನೋಡಿದರೆ ಹಳೆಯ ರೀಲು ಅವರು ಹೇಳಿದ ಕಾರ್ಮನ್ ಚಿತ್ರದಲ್ಲಿ ಬೆವರ್ಲಿ ಗಾರ್ಲಂಡ್ ಪಾತ್ರ ಗಂಡನ ಕೋವಿಯನ್ನು ಕೈಗೆತ್ತಿಕೊಂಡು ಒಬ್ಬಳೇ ಗುಹೆಗೆ ನುಗ್ಗುತ್ತದೆ. ಎರಡೂ ಅಗ್ಗದ ಚಿತ್ರಗಳೇ. ವ್ಯತ್ಯಾಸವಿರುವುದು ಬರೆದವರ ದೃಷ್ಟಿಯಲ್ಲಿ.

ಆದರೆ 'ರಾಕೆಟ್‌ಶಿಪ್ ಎಕ್ಸ್-ಎಮ್' ಬಗ್ಗೆ ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯವಾದೀತು. 'ಡೆಸ್ಟಿನೇಷನ್ ಮೂನ್' ಎಂಬ ದೊಡ್ಡ ಬಂಡವಾಳದ ಬಣ್ಣದ ಚಿತ್ರ ಭಾರೀ ಪ್ರಚಾರದೊಂದಿಗೆ ತಯಾರಾಗುತ್ತಿದ್ದಾಗ, ಅದರ ಗಾಳಿಯನ್ನೇ ಬಳಸಿಕೊಂಡು ಸುಮಾರು 94,000 ಡಾಲರ್‌ನಲ್ಲಿ, 18 ದಿನಗಳ ಚಿತ್ರೀಕರಣದಲ್ಲಿ ಇದನ್ನು ಮುಗಿಸಿ, ಕೆಲವು ವಾರ ಮೊದಲೇ ಬಿಡುಗಡೆ ಮಾಡಿದರು. ಚಂದ್ರನತ್ತ ಹೊರಟ ನೌಕೆ, ಎಲ್ಲರೂ ಮೂರ್ಛೆ ಹೋಗಿದ್ದ ಹೊತ್ತಿನಲ್ಲಿ ಮಂಗಳದ ಬಳಿ ಬಂದುಬಿಟ್ಟಿರುತ್ತದೆ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ, ಮಂಗಳ ತೀರಾ ಹತ್ತಿರ ಬಂದಾಗಲೂ ಸುಮಾರು 5.5 ಕೋಟಿ ಕಿಲೋಮೀಟರ್ ಆಚೆ. ಈ ಭಾಗಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಮಂಗಳದಲ್ಲಿ ಇಳಿದವರಿಗೆ ಕಾಣುವುದು ಅಣುಯುದ್ಧದಲ್ಲಿ ನಾಶವಾದ ನಾಗರಿಕತೆಯ ಅವಶೇಷ. ಕಪ್ಪು-ಬಿಳುಪಿನ ಚಿತ್ರದಲ್ಲಿ ಈ ಭಾಗಕ್ಕೆ ಮಾತ್ರ ಕೆಂಪು ಛಾಯೆ ಕೊಟ್ಟಿದ್ದಾರೆ. ಅಗ್ಗದ ಉಪಾಯ, ಆದರೆ ಆ ನೆಲ ಬೇರೆಯದೆಂದು ನಮ್ಮ ಕಣ್ಣು ನಂಬುತ್ತದೆ. ಅಲ್ಲಿಂದ ಹೊರಟವರು ಬದುಕಿ ಭೂಮಿಗೆ ಮರಳುವುದಿಲ್ಲ. ಹಿರೋಶಿಮಾ ನಡೆದು ಐದೇ ವರ್ಷವಾಗಿತ್ತು. ಆ ಅಂತ್ಯವನ್ನು ಇಟ್ಟುಕೊಳ್ಳುವ ಧೈರ್ಯ ಬಂದದ್ದು ಬಡ ಚಿತ್ರಕ್ಕೆ. ಬಹುಶಃ ಕಳೆದುಕೊಳ್ಳುವುದು ಕಡಿಮೆ ಇದ್ದದ್ದರಿಂದಲೇ ಬಂತೇನೋ.

ಪ್ರತಿಕ್ರಿಯೆ: ಬೆಳ್ಳಿತೆರೆ

ಇಬ್ಬರಿಗೂ ಕೃತಜ್ಞತೆಗಳು. ನಿಧಾನಗತಿಯನ್ನೇ ಮುಖ್ಯ ದೋಷವೆಂದು ಗುರುತಿಸಿದ್ದು ನನಗೆ ಬಹಳ ಉಪಯುಕ್ತವಾಯಿತು. ನನ್ನ ಗೆಳೆಯರು ತಾಳ್ಮೆ ಕಳೆದುಕೊಳ್ಳುತ್ತಿದ್ದದ್ದು ಅಂಥ ಕಡೆಗಳಲ್ಲಿಯೇ, ವೇಷಗಳನ್ನು ನೋಡಿ ಅಲ್ಲ. ಇನ್ನೊಂದು ಸಂದೇಹ ಉಳಿದಿದೆ. 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಜಗತ್ತಿನ ಅತ್ಯಂತ ಕೆಟ್ಟ ಚಿತ್ರವೆಂಬ ಹಣೆಪಟ್ಟಿಯನ್ನು ಎಲ್ಲೆಡೆ ಕಾಣುತ್ತೇನೆ. ಅದು ನ್ಯಾಯವೇ? ಅದನ್ನು ಗುಂಪಿಗೆ ತೋರಿಸಬೇಕೇ, ಬೇಡವೇ?

ಉತ್ತರ: ಎರಡನೇ ಆಟ

ತೋರಿಸಿ, ಆದರೆ ಮೊದಲನೆಯ ಚಿತ್ರವಾಗಿ ಬೇಡ. ಆ ಹಣೆಪಟ್ಟಿ ಅಂಟಿದ್ದು 1980ರಲ್ಲಿ, ಕೆಟ್ಟ ಚಿತ್ರಗಳಿಗೆ ಅಣಕದ ಪ್ರಶಸ್ತಿ ಕೊಡುವ ಒಂದು ಪುಸ್ತಕದಿಂದ. ಅಲ್ಲಿಯವರೆಗೆ ಅದು ತಡರಾತ್ರಿಯ ಟೆಲಿವಿಷನ್ನಿನಲ್ಲಿ ಬಂದುಹೋಗುತ್ತಿದ್ದ ನೂರಾರು ಚಿತ್ರಗಳಲ್ಲಿ ಒಂದಾಗಿತ್ತು. ಅದಕ್ಕಿಂತ ನಿರ್ಜೀವವಾದ ಚಿತ್ರಗಳು ಬೇಕಾದಷ್ಟಿವೆ. ಅವುಗಳ ಹೆಸರು ಯಾರಿಗೂ ನೆನಪಿಲ್ಲ ಅಷ್ಟೇ.

ಅದರ ತಪ್ಪುಗಳು ಅಂಗೈಯ ಹುಣ್ಣಿನಂತೆ ಕಾಣುತ್ತವೆ. ಸ್ಮಶಾನದ ಕಲ್ಲುಗಳು ಅಲುಗಾಡುತ್ತವೆ. ಒಂದೇ ಬೆನ್ನಟ್ಟುವ ದೃಶ್ಯದಲ್ಲಿ ಹಗಲು ರಾತ್ರಿಗಳು ಅದಲುಬದಲಾಗುತ್ತವೆ. ವಿಮಾನದ ಚಾಲಕರ ಕೋಣೆಗೆ ಒಂದು ಪರದೆಯೇ ಗೋಡೆ. ಹಾರುವ ತಟ್ಟೆಗಳು ಕಾರಿನ ಚಕ್ರದ ಮುಚ್ಚಳಗಳೆಂದು ಬಹಳ ಜನ ನಂಬಿದ್ದಾರೆ, ಅದು ಸರಿಯಲ್ಲ. ಅವು ಅಂಗಡಿಯಲ್ಲಿ ಮಾರುತ್ತಿದ್ದ ಪ್ಲಾಸ್ಟಿಕ್ ಆಟಿಕೆ ಮಾದರಿಗಳು. ಇನ್ನು ಅದರಲ್ಲಿ ಕಾಣಿಸಿಕೊಳ್ಳುವ ನಟ ಬೇಲಾ ಲುಗೋಸಿಯ ವಿಷಯ. ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ನಿರ್ದೇಶಕ ಎಡ್ ವುಡ್ ಬೇರೆ ಉದ್ದೇಶಕ್ಕೆಂದು ಅವರನ್ನು ಕೆಲವೇ ನಿಮಿಷಗಳಷ್ಟು ಚಿತ್ರೀಕರಿಸಿಕೊಂಡಿದ್ದರು. ಆ ತುಣುಕುಗಳ ಸುತ್ತ ಈ ಕಥೆಯನ್ನು ಕಟ್ಟಿ, ಉಳಿದ ದೃಶ್ಯಗಳಲ್ಲಿ ವುಡ್ ಅವರ ಹೆಂಡತಿಗೆ ಚಿಕಿತ್ಸೆ ಕೊಡುತ್ತಿದ್ದ ಟಾಮ್ ಮೇಸನ್ ಎಂಬವರನ್ನು ಬಳಸಿಕೊಂಡರು. ಅವರು ಲುಗೋಸಿಗಿಂತ ಎತ್ತರ. ಮುಖದಲ್ಲಿ ಹೋಲಿಕೆಯಿಲ್ಲ. ಆದ್ದರಿಂದ ಚಿತ್ರದುದ್ದಕ್ಕೂ ಮೇಲಂಗಿಯನ್ನು ಮೂಗಿನವರೆಗೆ ಎತ್ತಿಹಿಡಿದು ನಡೆಯುತ್ತಾರೆ.

ಈಗ ಲುಗೋಸಿಯ ನಿಜವಾದ ತುಣುಕನ್ನು ಗಮನವಿಟ್ಟು ನೋಡಿ. ಹೆಂಡತಿಯನ್ನು ಮಣ್ಣುಮಾಡಿದ ಮುದುಕ ಮನೆಯಿಂದ ಹೊರಗೆ ಬರುತ್ತಾನೆ, ಒಂದು ಹೂವನ್ನು ಕಿತ್ತು ಮೂಸುತ್ತಾನೆ, ಮುಖ ಕುಸಿಯುತ್ತದೆ. ಶಬ್ದವಿಲ್ಲದೆ ತೆಗೆದ, ಬೇರೆ ಯಾವ ಸೌಕರ್ಯವೂ ಇಲ್ಲದ ಷಾಟ್. ಹಂಗೇರಿಯ ರಂಗಭೂಮಿಯಿಂದ ಬಂದು ಡ್ರ್ಯಾಕುಲಾ ಪಾತ್ರದಿಂದ ಲೋಕಪ್ರಸಿದ್ಧರಾದ ನಟನೊಬ್ಬರ ಕೊನೆಯ ದಿನಗಳು ಅದರಲ್ಲಿ ಉಳಿದಿವೆ. ಎಡ್ ವುಡ್ ಆ ತುಣುಕನ್ನು ಎಸೆಯಲಾರದೆ ಒಂದು ಚಿತ್ರವನ್ನೇ ಕಟ್ಟಿದರು ಎಂಬುದನ್ನು ತಿಳಿದ ಮೇಲೆ ನಗುವ ಗುಂಪೂ ಆ ಕ್ಷಣಕ್ಕೆ ಸುಮ್ಮನಾಗುತ್ತದೆ. ಕಥೆಯಲ್ಲೂ ಪೂರ್ತಿ ಹುಚ್ಚಾಟವಿಲ್ಲ: ಮನುಷ್ಯರು ಅಣುಬಾಂಬನ್ನೂ ಮೀರಿ ಸೂರ್ಯನ ಬೆಳಕನ್ನೇ ಸ್ಫೋಟಿಸುವ ಅಸ್ತ್ರ ಕಂಡುಹಿಡಿದಾರೆಂಬ ಭಯದಿಂದ ಅನ್ಯಗ್ರಹದವರು ಬಂದಿರುತ್ತಾರೆ.

ಒಂದು ಎಚ್ಚರಿಕೆ. ಬೇಕೆಂದೇ ಕೆಟ್ಟದಾಗಿ ಮಾಡಿ ನಗಿಸಲು ಹೊರಡುವ ಈಚಿನ ಚಿತ್ರಗಳೊಂದಿಗೆ ಇವನ್ನು ಸೇರಿಸಬೇಡಿ. ಅಲ್ಲಿ ಯಾರೂ ಏನನ್ನೂ ಪಣಕ್ಕಿಟ್ಟಿರುವುದಿಲ್ಲ. ಬಡತನವನ್ನು ತಿಳಿದೇ ಬಳಸಿಕೊಂಡು ಗೆದ್ದವರನ್ನು ನೋಡಬೇಕೆಂದರೆ 1974ರ 'ಡಾರ್ಕ್ ಸ್ಟಾರ್' ನೋಡಿ. ಜಾನ್ ಕಾರ್ಪೆಂಟರ್ ಮತ್ತು ಡ್ಯಾನ್ ಒ'ಬ್ಯಾನನ್ ವಿದ್ಯಾರ್ಥಿಗಳಾಗಿದ್ದಾಗ ಆರಂಭಿಸಿ ಸುಮಾರು 60,000 ಡಾಲರ್‌ನಲ್ಲಿ ಮುಗಿಸಿದ ಚಿತ್ರ ಅದು. ಅದರ ಅನ್ಯಗ್ರಹ ಜೀವಿ ಎಂದರೆ ಪಾದಗಳಿರುವ ಒಂದು ಬೀಚ್ ಬಾಲ್. ಲಿಫ್ಟಿನ ಬಾವಿಯಲ್ಲಿ ನೇತಾಡುವ ದೃಶ್ಯವನ್ನು ನೆಲದ ಮೇಲೆ ಅಡ್ಡಲಾಗಿ ಹಾಕಿದ ಸೆಟ್‌ನಲ್ಲಿ ತೆಗೆದರು. ನಟ ಮಲಗಿಕೊಂಡೇ ತೂಗಾಡುವಂತೆ ಅಭಿನಯಿಸಿದ್ದಾರೆ. ಆದರೂ ನೋಡುವಾಗ ಕಾಲು ಜುಮ್ಮೆನ್ನುತ್ತದೆ. ನೌಕೆಯಲ್ಲಿ ಅಡಗಿ ಕಾಡುವ ಜೀವಿಯ ಅದೇ ಕಲ್ಪನೆಯನ್ನು ಒ'ಬ್ಯಾನನ್ ಮುಂದೆ ಭಯದ ಕಥೆಯಾಗಿ ಮತ್ತೆ ಬರೆದಾಗ ಹುಟ್ಟಿದ್ದು 1979ರ 'ಏಲಿಯನ್'. ಬೀಚ್ ಬಾಲಿನಿಂದ ಅಲ್ಲಿಗೆ ಐದೇ ವರ್ಷದ ದಾರಿ.

ಉತ್ತರ: ದಕ್ಷಿಣದ ಟಾಕೀಸು

ಚರ್ಚೆ ಅಮೆರಿಕದಲ್ಲೇ ಇರಲಿ, ಆದರೆ ನಮ್ಮ ನೆರೆಯ ಒಂದು ಕೊಂಡಿಯನ್ನು ಇಲ್ಲಿ ಸೇರಿಸಲು ಬಯಸುತ್ತೇನೆ. 'ರಾಕೆಟ್‌ಶಿಪ್ ಎಕ್ಸ್-ಎಮ್' ತಂದ ಲಿಪರ್ಟ್ ಸಂಸ್ಥೆಯೇ 1952ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್ ಜೊತೆ ಸೇರಿ 'ದ ಜಂಗಲ್' ಎಂಬ ಚಿತ್ರವನ್ನು ಹೊರತಂದಿತು. ಭಾರತದ ಕಾಡೊಂದರಲ್ಲಿ ಆನೆಗಳು ಬೆದರಿ ಊರುಗಳ ಮೇಲೆ ನುಗ್ಗಲು ಕಾರಣ ಹುಡುಕುತ್ತ ಹೋದವರಿಗೆ, ಅಳಿದುಹೋಗಿವೆ ಎಂದುಕೊಂಡಿದ್ದ ಮ್ಯಾಮತ್ ಎಂಬ ಕೂದಲು ತುಂಬಿದ ಪುರಾತನ ಆನೆಗಳು ಎದುರಾಗುತ್ತವೆ. ಆ ಮ್ಯಾಮತ್‌ಗಳು ನಮ್ಮ ಸಾಕಾನೆಗಳೇ, ಮೈಮೇಲೆ ಕೂದಲಿನ ಹೊದಿಕೆ ಹಾಕಿಸಿಕೊಂಡವು. ವೇಷ ಎದ್ದುಕಾಣುತ್ತದೆ, ಒಪ್ಪುತ್ತೇನೆ. ಆದರೆ ಹೆಜ್ಜೆಯಿಡುವಾಗಿನ ಭಾರ ಸುಳ್ಳಲ್ಲ, ಧೂಳು ಸುಳ್ಳಲ್ಲ, ಸೊಂಡಿಲಿನ ಚಲನೆ ಸುಳ್ಳಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಗಳಲ್ಲಿ ಎಷ್ಟೋ ಸಲ ಕಾಣದಿರುವುದು ಈ ತೂಕ. ಹೀಗೆಯೇ 1963ರ ತಮಿಳು ಚಿತ್ರ 'ಕಲೈ ಅರಸಿ'ಯಲ್ಲಿ ಅನ್ಯಗ್ರಹದವರು ಸಂಗೀತ ಕಲಿಯಬೇಕೆಂದು ಭೂಮಿಯ ಗಾಯಕಿಯನ್ನು ಕರೆದೊಯ್ಯುತ್ತಾರೆ. ಆ ಪಾತ್ರದಲ್ಲಿ ಪಿ. ಭಾನುಮತಿ, ಜೊತೆಗೆ ಎಂ.ಜಿ.ಆರ್. ಹಾಡು ಕಲಿಯಲೆಂದು ಭೂಮಿಗೆ ಬರುವ ಅನ್ಯಗ್ರಹದವರನ್ನು ನಾನು ಆ ಕಾಲದ ಅಮೆರಿಕದ ಚಿತ್ರಗಳಲ್ಲಿ ಕಂಡಿಲ್ಲ.

ಉತ್ತರ: ಹಳೆಯ ರೀಲು

ಬೆಳ್ಳಿತೆರೆ ಅವರೇ, ಗುಂಪಿಗೆ ತೋರಿಸುವ ಕ್ರಮದ ಬಗ್ಗೆ ನನ್ನ ಸಲಹೆ ಹೀಗಿದೆ. 'ದ ಮ್ಯಾನ್ ಫ್ರಮ್ ಪ್ಲಾನೆಟ್ ಎಕ್ಸ್'ನಿಂದ ಆರಂಭಿಸಿ. ಅದು ಎಪ್ಪತ್ತು ನಿಮಿಷದ ಆಸುಪಾಸಿನದು, ಯಾರಿಗೂ ಬೇಸರವಾಗದು. ಆಮೇಲೆ 'ರಾಕೆಟ್‌ಶಿಪ್ ಎಕ್ಸ್-ಎಮ್' ತೋರಿಸಿ, ಸಂಕಲನದ ಮೇಜು ಅವರು ಹೇಳಿದ ಆ ಲೆಕ್ಕದ ದೃಶ್ಯದ ಬಗ್ಗೆ ಚರ್ಚೆಗೆ ಬಿಡುವು ಕೊಡಿ. ಅದರ ನಂತರ 'ಪ್ಲಾನ್ 9' ಬಂದರೆ, ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಪಳಗಿರುತ್ತದೆ.

ಸಾಧ್ಯವಾದರೆ ಕ್ರಿಸ್ ಮಾರ್ಕರ್ ಅವರ 1962ರ 'ಲಾ ಜೆತೆ'ಯನ್ನೂ ಸೇರಿಸಿಕೊಳ್ಳಿ. ಮೂರನೆಯ ಮಹಾಯುದ್ಧದ ನಂತರದ ಪ್ಯಾರಿಸ್, ಕಾಲದಲ್ಲಿ ಹಿಂದಕ್ಕೆ ಹೋಗುವ ಕೈದಿ, ಇಷ್ಟನ್ನೂ 28 ನಿಮಿಷಗಳಲ್ಲಿ ಸ್ಥಿರಚಿತ್ರಗಳಿಂದಲೇ ಹೇಳಿದ ಫ್ರೆಂಚ್ ಚಿತ್ರವದು. ಇಡೀ ಚಿತ್ರದಲ್ಲಿ ಚಲನೆ ಇರುವುದು ಒಂದೇ ಷಾಟ್‌ನಲ್ಲಿ: ಮಲಗಿದ್ದ ಹೆಣ್ಣು ಕಣ್ಣು ತೆರೆಯುತ್ತಾಳೆ. ಅದನ್ನು ಯಾವ ಸೂಚನೆಯನ್ನೂ ಕೊಡದೆ ತೋರಿಸಿ, ಎಷ್ಟು ಜನ ಗುರುತಿಸಿದರೆಂದು ಇಲ್ಲಿ ಬರೆಯಿರಿ.